ತೊಂಬತ್ತು ದಿನದ ಮಗಳು

ಜನವರಿ ೧೧

ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ನನಗೊಂದು ಉದ್ಯೋಗ ದೊರೆತಿದೆ. ನನ್ನ ಮೊಮ್ಮಗಳು ಈ ದೇಶದ ನೆಲದ ಮೇಲೆ ವರ್ಷದಲ್ಲಿ ಎಷ್ಟು ದಿನ ಇದ್ದಳೆಂಬುದನ್ನು ಬರೆದಿಡುವುದೇ ಆ ಉದ್ಯೋಗ. ಮರೆವು ದಿನಕ್ಕೊಂದು ಹೆಜ್ಜೆ ಸಮೀಪಿಸುತ್ತಿರುವುದರಿಂದ, ಮುಂದೆ ನಾನೇ ಇದನ್ನೋದಿ ಬೆಪ್ಪಾಗದಂತೆ, ಸಂಗತಿಯನ್ನು ಬುಡದಿಂದ ಬರೆಯುತ್ತೇನೆ.

ಲೋಕವು ಅವಳನ್ನು ದೊಡ್ಡ ಹೆಸರಿನಿಂದ ಕರೆಯುತ್ತದೆ. ಈ ಮನೆಯಲ್ಲಿ ಅವಳು ಗುಬ್ಬಿ. ಟೆನಿಸ್ ಆಡುವ ಹೆಂಗಸರಲ್ಲಿ ಈಗ ಜಗತ್ತಿಗೆ ನಾಲ್ಕನೆಯವಳು. ನಾಲ್ಕು ವರ್ಷಗಳ ಹಿಂದೆ ತನ್ನ ವಾಸವನ್ನು ಸಮುದ್ರದಾಚೆಯ ಒಂದು ಪುಟ್ಟ ದೇಶಕ್ಕೆ ಬದಲಾಯಿಸಿಕೊಂಡಳು. ಅಲ್ಲಿ ಗಳಿಕೆಗೆ ತೆರಿಗೆಯಿಲ್ಲ. ಇಲ್ಲಿನ ಕಾನೂನಿನಂತೆ ವರ್ಷದಲ್ಲಿ ತೊಂಬತ್ತು ದಿನಗಳವರೆಗೆ ಇದ್ದರೆ ಅವಳು ಅತಿಥಿ. ತೊಂಬತ್ತೊಂದನೆಯ ದಿನ ಇಲ್ಲಿಯವಳಾಗುತ್ತಾಳೆ, ಆಗ ಆ ವರ್ಷ ಜಗತ್ತಿನ ಯಾವ ಮೂಲೆಯಲ್ಲಿ ಗಳಿಸಿದ್ದರೂ ಅದರ ಅರ್ಧವನ್ನು ಇಲ್ಲಿ ಒಪ್ಪಿಸಬೇಕು.

ಈ ಏರ್ಪಾಡು ನನಗೆ ಎಂದೂ ಹಿತವೆನಿಸಿಲ್ಲ. ಊರ ಬಾವಿಯ ನೀರು ಕುಡಿದು ಬೆಳೆದ ಮರ ತನ್ನ ನೆರಳನ್ನು ಮಾತ್ರ ಆಚೆ ದಂಡೆಗೆ ಚೆಲ್ಲಿದಂತೆ ಇದು. ಅವಳು ಆಡಲು ಕಲಿತದ್ದು ಪುರಸಭೆಯ ಬಿರುಕು ಬಿಟ್ಟ ಅಂಗಳದಲ್ಲಿ. ಅವಳ ತಾಯಿ, ಎಂದರೆ ನನ್ನ ಮಗಳು, ಬಸ್ ಕಂಡಕ್ಟರ್. ಗಂಡ ತೀರಿಕೊಂಡ ಮೇಲೆ ಮಗುವನ್ನು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು, ಒಂದು ಸರದಿಗೂ ಇನ್ನೊಂದಕ್ಕೂ ನಡುವೆ ಆ ಅಂಗಳಕ್ಕೆ ಬಿಟ್ಟುಬರುತ್ತಿದ್ದಳು.

ಈಗ ಆ ಮಗಳ ಶ್ವಾಸಕೋಶ ಕೈಕೊಟ್ಟಿದೆ. ಗುಬ್ಬಿ ಈ ವರ್ಷ ಮತ್ತೆ ಮತ್ತೆ ಬರಬೇಕಾಗುತ್ತದೆ. ದಿನಗಳ ಲೆಕ್ಕವಿಡುತ್ತಿದ್ದ ಕಂಪನಿಯೊಡನೆ ಜಗಳವಾಡಿ ಬಿಟ್ಟಿದ್ದಾಳೆ. ಹೊಸ ಆಡಿಟರು ವರ್ಷದ ಕೊನೆಗೊಮ್ಮೆ ಮಾತ್ರ ನೋಡುವವನು.

“ಅಜ್ಜ, ನೀವು ದಿನಾ ಬರೀತೀರಲ್ಲ, ಅದರಲ್ಲೇ ನನ್ನದೊಂದು ಗೆರೆ ಎಳೆದುಬಿಡಿ” ಎಂದಳು.

“ನಿನ್ನ ಈ ವ್ಯವಹಾರ ನನಗೆ ಸರಿಬರೋದಿಲ್ಲ ಅಂತ ಗೊತ್ತಲ್ಲ?”

“ಗೊತ್ತು. ಅದಕ್ಕೇ ನಿಮ್ಮನ್ನ ಕೇಳ್ತಿರೋದು. ಸರಿಬರೋರು ಸುಳ್ಳು ಬರೀತಾರೆ.”

ಈ ಮಾತಿಗೆ ನಾನು ಸೋತೆ. ಆಡಿಟರು ದೂರವಾಣಿಯಲ್ಲಿ, ಇದ್ದ ದಿನಕ್ಕೊಂದು ಗೆರೆ ಸಾಕು, ತಪ್ಪಬಾರದು ಎಂದ. ನಾನು ನಲವತ್ತೊಂದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವನು, ಹಳೆಯ ಗ್ರಂಥಗಳ ಒಂದು ಬಿಂದುವೂ ನನ್ನ ಕಣ್ಣು ತಪ್ಪಿಸಿ ಅಚ್ಚಾಗಿಲ್ಲ ಎಂದು ಉತ್ತರಿಸಿದೆ. ಆ ಮಾತಿನಲ್ಲಿ ಕೊಂಚ ಅಹಂಕಾರವಿತ್ತು, ದೇವರು ಕ್ಷಮಿಸಲಿ.

ಬೆಳಗಿನ ಪ್ರಾರ್ಥನೆ ಮುಗಿದು ಎಳೆಬಿಸಿಲು ಕಿಟಕಿಯ ಮೊದಲ ಸರಳನ್ನು ಮುಟ್ಟುವ ಹೊತ್ತಿಗೆ ಅವಳು ಮನೆಯಲ್ಲಿದ್ದರೆ ಒಂದು ಗೆರೆ. ಇದು ನನ್ನ ಕ್ರಮ. ಸತ್ಯವನ್ನು ಬರೆಯುವುದರಲ್ಲಿ ಪಾಪವಿರಲಾರದು.

ಫೆಬ್ರವರಿ ೩

ಗುಬ್ಬಿ ಇಂದು ನಸುಕಿಗೆ ಮೊದಲೇ ಹೊರಟಳು. ಸಮುದ್ರ ದಾಟುವ ವಿಮಾನಗಳೆಲ್ಲ ಕೋಳಿ ಕೂಗುವ ಮುನ್ನವೇ ಏಕೆ ಹಾರಬೇಕೋ ತಿಳಿಯದು. ಸೂರ್ಯ ಹುಟ್ಟಿದಾಗ ಅವಳ ಹಾಸಿಗೆ ಬರಿದಾಗಿದ್ದುದರಿಂದ ಇಂದಿನ ಗೆರೆಯಿಲ್ಲ. ನಿನ್ನೆಯ ದಿನ ಬೆಳಕು ಹರಿಯುವವರೆಗೂ ನಿನ್ನೆಯೇ ಎಂದು ನನ್ನ ಗುರುಗಳು ಕಲಿಸಿದ್ದರು; ರಾತ್ರಿಯೆಂಬುದು ಹಗಲಿನ ಬಾಲ.

ಮಗಳ ಆರೈಕೆಗೆ ಒಬ್ಬ ದಾದಿ ಬರುತ್ತಾಳೆ. ಹಗಲೆಲ್ಲ ಪುರಸಭೆಯ ಆಸ್ಪತ್ರೆಯಲ್ಲಿ ದುಡಿದು ಸಂಜೆ ಇಲ್ಲಿಗೆ. ಐವತ್ತು ದಾಟಿದ ಹೆಂಗಸು, ನಾಲಿಗೆಗೆ ಲಗಾಮಿಲ್ಲ, ಕೈ ಮಾತ್ರ ಹೂವಿನಂತೆ ಮೃದು. ನನ್ನ ಗೆರೆಗಳ ಮರ್ಮ ತಿಳಿದು ಸೊಂಟಕ್ಕೆ ಕೈಯಿಟ್ಟು ನಿಂತಳು.

“ನನ್ನ ಸಂಬಳ ಕೈಗೆ ಬರೋ ಮುಂಚೆ ಸರ್ಕಾರ ಅದರ ತಲೆ ಸವರಿರತ್ತೆ ಯಜಮಾನ್ರೇ. ನಾನೂ ತೊಂಬತ್ತು ದಿನ ಈ ದೇಶದಲ್ಲಿ, ಮಿಕ್ಕಿದ್ದು ಬಚ್ಚಲುಮನೇಲಿ ವಾಸ ಅಂದ್ರೆ ಬಿಡ್ತಾರಾ?”

ಒಳಗಿನಿಂದ ಮಗಳು ನಕ್ಕದ್ದು ಕೇಳಿಸಿತು. ನಗು ಕೆಮ್ಮಾಗಿ ತಿರುಗಿತು.

ಏಪ್ರಿಲ್ ೨೦

ದಾದಿಗೂ ಗುಬ್ಬಿಗೂ ರೋಗಿಯ ಮಂಚದ ಮೇಲಿಂದಲೇ ವಾಗ್ವಾದ ನಡೆಯಿತು. ಆಸ್ಪತ್ರೆಯಲ್ಲಿ ಉಸಿರಾಟದ ಯಂತ್ರ ಒಂದೇ ಇದೆಯೆಂದೂ, ಅದರ ಕೊಳವೆಯನ್ನು ಟೇಪು ಸುತ್ತಿ ನಿಲ್ಲಿಸಿದ್ದಾರೆಂದೂ ದಾದಿ ಹೇಳುತ್ತಿದ್ದಳು. ಯಾರನ್ನೂ ಉದ್ದೇಶಿಸಿ ಹೇಳಿದ ಹಾಗಿರಲಿಲ್ಲ. ಆದರೆ ಗುಬ್ಬಿ ಪಾದದಿಂದ ಮೇಲಕ್ಕೆ ಬಟ್ಟೆ ಸರಿಸಿ ಮೊಣಕಾಲು ತೋರಿಸಿದಳು. ಮೂರು ಸಲ ಕೊಯ್ದು ಹೊಲಿದ ಗುರುತು. ಇಪ್ಪತ್ತೇಳು ವರ್ಷದ ಹುಡುಗಿಯ ಮೊಣಕಾಲು ನನ್ನದಕ್ಕಿಂತ ಹಳೆಯದಾಗಿ ಕಂಡಿತು.

“ಅಕ್ಕ, ನಿಮ್ಮ ಕೆಲಸ ಅರವತ್ತಕ್ಕೆ ಮುಗಿಯತ್ತೆ. ನನ್ನದು ಮೂವತ್ತೆರಡಕ್ಕೆ. ಆಮೇಲೆ ಐವತ್ತು ವರ್ಷ ಇದನ್ನ ಇಟ್ಕೊಂಡು ಏನು ಮಾಡ್ಲಿ? ನೋಡೋರು ಇಷ್ಟಪಟ್ಟು ದುಡ್ಡು ಕೊಡ್ತಾರೆ. ನಾನು ಯಾರ ಜೇಬಿಗೂ ಕೈ ಹಾಕಿಲ್ಲ.”

“ಹಾಕಿಲ್ಲಮ್ಮ, ಯಾರು ಹಾಕಿದೀಯ ಅಂದ್ರು. ಆದ್ರೆ ಏಳು ವರ್ಷದವಳಿದ್ದಾಗ ಬಿದ್ದು ಇದೇ ಮೊಣಕಾಲು ಒಡ್ಕೊಂಡು ಬಂದಿದ್ದೆ. ಪಟ್ಟಿ ಕಟ್ಟಿದೋಳು ನಾನು. ಪುಕ್ಕಟೆ.”

ಗುಬ್ಬಿ ಆ ಮುಖವನ್ನು ನೆನಪಿಸಿಕೊಳ್ಳಲು ಯತ್ನಿಸಿ ಸೋತಳು. ನನ್ನ ಮಗಳು ಕಣ್ಣು ಮುಚ್ಚಿಕೊಂಡೇ, “ಇಬ್ಬರೂ ಬಾಗಿಲ ಹತ್ರ ನಿಲ್ಲಬೇಡಿ, ಒಳಗೆ ಬನ್ನಿ, ಜಾಗ ಇದೆ” ಎಂದಳು. ಇಪ್ಪತ್ತಾರು ವರ್ಷ ಬಸ್ಸಿನಲ್ಲಿ ಕೂಗಿದ ಮಾತು.

ಇಬ್ಬರ ಮಾತನ್ನೂ ತೂಗಿ ನೋಡಿದೆ. ಮುದ್ರಣಾಲಯದಲ್ಲಿ ಹಳೆಯ ಗ್ರಂಥದ ಒಂದೇ ವಾಕ್ಯಕ್ಕೆ ಎರಡು ಪಾಠಗಳು ದೊರೆತಾಗ ಹೀಗಾಗುತ್ತಿತ್ತು: ಎರಡೂ ಅರ್ಥ ಕೊಡುತ್ತವೆ, ಮೂಲಪ್ರತಿ ಯಾರ ಬಳಿಯೂ ಇಲ್ಲ. ಆದರೂ ನನ್ನ ಒಲವು ದಾದಿಯ ಕಡೆಗೇ.

ಇಲ್ಲಿಯವರೆಗೆ ಮೂವತ್ತೆರಡು ಗೆರೆಗಳು. ಅಂದವಾಗಿ, ಐದೈದರ ಕಟ್ಟುಗಳಾಗಿ ಎಳೆದಿದ್ದೇನೆ.

ಜೂನ್ ೨೩

ಮೊನ್ನೆ ಮಗಳಿಗೆ ಜ್ವರ ಬಂತು. ಗುಬ್ಬಿಯನ್ನು ಕರೆಸುವಂತೆ ಕೇಳಿದಳು. ಇನ್ನೂ ಆರು ತಿಂಗಳಿವೆ, ಉಳಿದಿರುವುದು ನಲವತ್ತೇ ದಿನ, ಇಂಥ ಸಣ್ಣಪುಟ್ಟ ಜ್ವರಕ್ಕೆಲ್ಲ ಮುರಿಸಿಕೊಂಡರೆ ಅಗತ್ಯದ ವೇಳೆಗೆ ಕೈ ಬರಿದಾದೀತೆಂದು ಸಮಾಧಾನ ಹೇಳಿದೆ. 

“ನನ್ನ ಕಾಯಿಲೆಗೂ ರೇಷನ್ನಾ ಅಪ್ಪ?”

ತಮಾಷೆಗೆ ಹೇಳಿದ್ದು. ಜ್ವರ ಮೂರನೆಯ ದಿನಕ್ಕೆ ಇಳಿಯಿತು. ನನ್ನ ತೀರ್ಮಾನ ಸರಿಯಾಗಿತ್ತು.

ಜುಲೈ ೩೦

ಗುಬ್ಬಿ ದೊಡ್ಡ ಪಂದ್ಯವೊಂದರ ಕೊನೆಯ ಸುತ್ತಿನಲ್ಲಿ ಸೋತಳು. ಸೋತವಳಿಗೆ ಬಂದ ಹಣವನ್ನು ಪತ್ರಿಕೆ ದಪ್ಪಕ್ಷರದಲ್ಲಿ ಅಚ್ಚುಹಾಕಿ, ಕೆಳಗೆ ಅವಳನ್ನು ‘ತೊಂಬತ್ತು ದಿನದ ಮಗಳು’ ಎಂದು ಕರೆದಿದೆ. ಈ ದೇಶ ಅವಳಿಗೆ ತಾಯಿಯಲ್ಲ, ತಂಗುದಾಣ ಎಂಬ ಅರ್ಥದಲ್ಲಿ. ತಲೆಕೂದಲು ಕತ್ತರಿಸುವಾತ ಅದನ್ನು ಗಟ್ಟಿಯಾಗಿ ಓದಿ, ಅವಳ ಒಂದು ಗಂಟೆಯ ಆಟ ತನ್ನ ಅಪ್ಪನಿಂದ ಹಿಡಿದು ತನ್ನವರೆಗೆ ಕತ್ತರಿಸಿದ ಕೂದಲಿಗೆಲ್ಲ ಸಮ ಎಂದ. ನಾಲ್ಕು ತಿಂಗಳ ಹಿಂದೆ ನಾನೂ ಹೂಂ ಎನ್ನುತ್ತಿದ್ದೆನೇನೋ. ಇಂದು, ಕತ್ತರಿ ನಿನ್ನ ಮೊಣಕಾಲನ್ನು ತಿನ್ನುವುದಿಲ್ಲವಲ್ಲಪ್ಪ ಎಂದುಬಿಟ್ಟೆ. ಕಿವಿಯ ಹಿಂದೆ ಸ್ವಲ್ಪ ಒರಟಾಗಿ ಕತ್ತರಿಸಿದ.

ಆಗಸ್ಟ್ ೧೭

ವೈದ್ಯರು ಬಂದಿದ್ದರು. ಇನ್ನು ಎಷ್ಟು ಕಾಲ ಎಂದು ಬಾಗಿಲಾಚೆ ನಿಂತು ಕೇಳಿದೆ. ನಾಲ್ಕು ತಿಂಗಳು, ಹೆಚ್ಚೆಂದರೆ ಐದು ಎಂದರು. ಡಿಸೆಂಬರಿನ ಒಳಗೋ, ಜನವರಿಯ ಆಚೆಗೋ, ಅದನ್ನು ಖಚಿತವಾಗಿ ಹೇಳಿದರೆ ಅನುಕೂಲ ಎಂದೆ. ಜನವರಿಗೆ ಹೊಸ ತೊಂಬತ್ತು ದಿನ ಒದಗುತ್ತವೆ. ಅದರಾಚೆಗೆ ದಾಟಿದರೆ ಗುಬ್ಬಿ ತಿಂಗಳುಗಟ್ಟಲೆ ನೆಮ್ಮದಿಯಿಂದ ಇರಬಹುದು. ದಾಟದೆ ನವೆಂಬರಿನ ಕೊನೆಯಲ್ಲಿ ಎಳೆದಾಡಿಬಿಟ್ಟರೆ ಕಷ್ಟ. ವೈದ್ಯರು ಚಪ್ಪಲಿ ಮೆಟ್ಟಿದರು.

ದಾದಿ, “ರೈಲಿಗೆ ಜಾಗ ಕಾದಿರಿಸೋರ ಥರ ಕೇಳಿದ್ರಲ್ಲ ಯಜಮಾನ್ರೇ” ಎಂದಳು. ಮುಂದಾಲೋಚನೆಯನ್ನು ಕೆಲವರು ಕ್ರೌರ್ಯವೆಂದು ತಿಳಿಯುತ್ತಾರೆ.

ಸೆಪ್ಟೆಂಬರ್ ೩೦

ಎಪ್ಪತ್ತು ಗೆರೆ. ಮಗಳು ಇಂದು ಏನನ್ನೂ ನುಂಗಲಿಲ್ಲ.

ಅಕ್ಟೋಬರ್ ೧೨

ಎಪ್ಪತ್ನಾಲ್ಕಕ್ಕೆ ನಿಲ್ಲಿಸಿ ಗುಬ್ಬಿಯನ್ನು ನಾನೇ ಕಳುಹಿಸಿದೆ. ಅವಳಿಗೆ ಹೋಗಲು ಮನಸ್ಸಿರಲಿಲ್ಲ. ಹದಿನಾರು ದಿನ ಕೈಯಲ್ಲಿರಬೇಕೆಂದು ಒತ್ತಾಯಿಸಿದೆ. ನಸುಕಿಗೆ ಮೊದಲೇ ಬಾಡಿಗೆ ಕಾರು ಬಂದು ನಿಂತಿತ್ತು. ಬಾಗಿಲಲ್ಲಿ ನನ್ನ ಕಾಲು ಮುಟ್ಟಿ, “ಅಮ್ಮನ್ನ ಅಷ್ಟರವರೆಗೆ ಹಿಡ್ಕೊಂಡಿರಿ ಅಜ್ಜ” ಎಂದಳು.

ನವೆಂಬರ್ ೫, ಸಂಜೆ

 ಇದನ್ನು ಬರೆದಿಡಬೇಕು.

ಗುಬ್ಬಿ ಅಕ್ಟೋಬರ್ ಇಪ್ಪತ್ತೊಂಬತ್ತರಂದು ಬಂದವಳು ಇಲ್ಲಿಯೇ ಇದ್ದಾಳೆ. ಮಗಳದು ಇನ್ನು ಮೂರೋ ನಾಲ್ಕೋ ದಿನವೆಂದು ವೈದ್ಯರು ನಿನ್ನೆ ತಿಳಿಸಿದರು. ಇಂದು ಬೆಳಗಿನ ಗೆರೆ ಎಂಬತ್ತೊಂದನೆಯದು; ಒಂಬತ್ತು ಉಳಿದಿವೆ, ಸಾಕು, ದೇವರ ದಯೆ ಎಂದು ನಿರಾಳವಾಗಿ ಗಡ್ಡ ತೆಗೆಸಲು ಹೋಗಿದ್ದೆ.

ಅಲ್ಲಿನ ಪತ್ರಿಕೆಯಲ್ಲಿ ಆಟಗಾರರ ಪರದೇಶವಾಸವನ್ನು ಕುರಿತು ವಕೀಲರೊಬ್ಬರ ಲೇಖನವಿತ್ತು. ನಡುರಾತ್ರಿ ಹನ್ನೆರಡು ಹೊಡೆಯುವಾಗ ಮನುಷ್ಯ ಯಾವ ನೆಲದ ಮೇಲಿರುತ್ತಾನೋ ಆ ದಿನ ಆ ನೆಲದ ಲೆಕ್ಕಕ್ಕೆ, ಎಂದು ಬರೆದಿತ್ತು. ‘ನಡುರಾತ್ರಿ’ ಎಂಬುದನ್ನು ಅಚ್ಚಿನ ತಪ್ಪೆಂದು ಭಾವಿಸಿ, ಹಳೆಯ ಅಭ್ಯಾಸದಂತೆ, ‘ಸೂರ್ಯೋದಯ’ ಎಂದು ತಿದ್ದಲು ಜೇಬಿನಲ್ಲಿ ಪೆನ್ಸಿಲು ಹುಡುಕಿದೆ. ಮುಂದಿನ ಸಾಲಿನಲ್ಲಿಯೂ ನಡುರಾತ್ರಿ. ಅದರ ಮುಂದೆಯೂ.

ಒಂದು ಕೆನ್ನೆಯ ನೊರೆ ಹಾಗೆಯೇ ಇರುವಾಗ ಎದ್ದು ಮನೆಗೆ ಬಂದೆ.

ಈ ವರ್ಷ ಅವಳು ಹನ್ನೊಂದು ಸಲ ಬಂದಿದ್ದಾಳೆ, ಪ್ರತಿಸಲವೂ ಹಗಲಿನಲ್ಲಿ. ಹತ್ತು ಸಲ ಹೊರಟಿದ್ದಾಳೆ. ಒಂದು ಸಲ ಮಧ್ಯಾಹ್ನ, ಒಂಬತ್ತು ಸಲ ಬೆಳಕು ಹರಿಯುವ ಮುನ್ನ. ಆ ಒಂಬತ್ತು ಕೊನೆಯ ರಾತ್ರಿಗಳಲ್ಲಿ ಹನ್ನೆರಡು ಹೊಡೆದಾಗ ಅವಳು ಇದೇ ಮನೆಯಲ್ಲಿದ್ದಳು. ನಾನು ಮಾತ್ರ, ಸೂರ್ಯ ಬರುವಾಗ ಇರಲಿಲ್ಲವೆಂದು, ಗೆರೆ ಎಳೆಯಲಿಲ್ಲ. ಎಂಬತ್ತೊಂದಕ್ಕೆ ಒಂಬತ್ತು ಸೇರಿದರೆ ತೊಂಬತ್ತು.

ನಿನ್ನೆಗೆ ತೊಂಬತ್ತು ತುಂಬಿದೆ. ಇಂದು ರಾತ್ರಿ ಹನ್ನೆರಡರೊಳಗೆ ಅವಳು ಈ ದೇಶ ಬಿಡದಿದ್ದರೆ ಇಡೀ ವರ್ಷದ ಗಳಿಕೆಯ ಅರ್ಧ ಹೋಗುತ್ತದೆ. ದಿನ ಯಾವಾಗ ಆರಂಭವಾಗುತ್ತದೆಂದು ನಾನು ಯಾರನ್ನೂ ಕೇಳಲಿಲ್ಲ. ಆಡಿಟರೂ ಹೇಳಲಿಲ್ಲ. ಇಷ್ಟು ತಿಳಿಯದವರು ಇರುತ್ತಾರೆಂದು ಇಬ್ಬರಿಗೂ ಹೊಳೆಯಲಿಲ್ಲ.

ಈಗ ಏಳು ಗಂಟೆ. ಹತ್ತಕ್ಕೊಂದು ವಿಮಾನವಿದೆ. ಅವಳು ತಾಯಿಗೆ ಚಮಚದಲ್ಲಿ ಹಾಲು ಕುಡಿಸುತ್ತಿದ್ದಾಳೆ, ಹನಿಹನಿಯಾಗಿ. ಅದು ಮುಗಿಯಲಿ. ಮುಗಿದೊಡನೆ ಹೇಳುತ್ತೇನೆ.

ನವೆಂಬರ್ ೬

ಎಂಬತ್ತೆರಡನೆಯ ಗೆರೆ ಎಳೆದೆ.

ಹಾಲು ಕುಡಿಸಿದ ಮೇಲೆ ಅವಳಿಗೆ ಕುಳಿತಲ್ಲಿಯೇ ನಿದ್ರೆ ಹತ್ತಿತ್ತು, ತಾಯಿಯ ಬೆರಳು ಹಿಡಿದುಕೊಂಡು. ಮೂರು ರಾತ್ರಿಯಿಂದ ನಿದ್ರೆಗೆಟ್ಟವಳು. ಎಬ್ಬಿಸಲಿಲ್ಲ. ನಾನೂ ಬೇಗನೆ ಮಲಗಿಕೊಂಡೆ.

ನವೆಂಬರ್ ೭

ಗುಬ್ಬಿ ಸ್ನಾನಕ್ಕೆ ಹೋದಾಗ ಮಗಳು ಕಣ್ಣು ತೆರೆದು ನನ್ನನ್ನು ಕರೆದಳು. ಧ್ವನಿ ಕಾಗದ ಉಜ್ಜಿದಂತಿತ್ತು.

“ಅಪ್ಪ, ಟಿಕೆಟ್ ಇಲ್ಲದೆ ಕೂತಿರೋರ ಮುಖ ನೋಡಿದ ತಕ್ಷಣ ನನಗೆ ಗೊತ್ತಾಗ್ತಿತ್ತು. ನಿಮ್ಮ ಮುಖ ಈಗ ಹಾಗಿದೆ.”

“ನಿದ್ದೆ ಇಲ್ಲ ಮಗಳೇ, ಅಷ್ಟೆ.”

“ಅವಳನ್ನ ನನಗೋಸ್ಕರ ಹಿಡಿದಿಡಬೇಡಿ. ಅವಳಿಗೆ ಹೋಗೋ ಹೊತ್ತಾದ್ರೆ ಕಳಿಸಿ.”

ಕಳುಹಿಸುತ್ತೇನೆ ಎಂದೆ. ಅದು ಮುಗಿದುಹೋದ ಮಾತು. ಒಂದು ದಿನ ಮೀರಿದರೂ ಅಷ್ಟೆ, ಹತ್ತು ಮೀರಿದರೂ ಅಷ್ಟೆ. ಪ್ರಾರ್ಥನೆಯ ಸಾಲುಗಳು ಇಂದು ನಡುವೆ ತಪ್ಪಿಹೋದವು. ಅರವತ್ತು ವರ್ಷದಲ್ಲಿ ಮೊದಲ ಸಲ.

ನವೆಂಬರ್ ೮

“ಎಷ್ಟಾಯ್ತು ಅಜ್ಜ?” ಎಂದು ಗುಬ್ಬಿ ಕೇಳಿದಳು.

“ಎಂಬತ್ನಾಲ್ಕು” ಎಂದೆ.

“ಇನ್ನೂ ಆರಿದೆ” ಎಂದು ತಾಯಿಯ ಕಡೆಗೆ ತಿರುಗಿ, ಚಿಕ್ಕ ಮಗುವಿಗೆ ಹೇಳುವಂತೆ ಹೇಳಿದಳು. ಮಗಳು ನನ್ನನ್ನೇ ನೋಡುತ್ತಿದ್ದಳು.

ನವೆಂಬರ್ ೯

ಮಗಳು ಹೋದಳು. ನಾಲ್ಕು ಗಂಟೆಗೆ, ಬೆಳಕಿಗೆ ಮೊದಲು. ಗುಬ್ಬಿಯ ತೋಳಿನ ಮೇಲೆ.

ನನ್ನ ಎಣಿಕೆಯಲ್ಲಿ ಅದಿನ್ನೂ ಎಂಟನೆಯ ತಾರೀಕು. ವೈದ್ಯರು ಒಂಬತ್ತು ಎಂದು ಬರೆದರು. ನಾನೂ ಒಂಬತ್ತೆಂದೇ ಬರೆದಿದ್ದೇನೆ.

ನವೆಂಬರ್ ೧೧

ಕಾರ್ಯಗಳು ಮುಗಿದವು. ಗುಬ್ಬಿ ಮಧ್ಯಾಹ್ನ ಹೊರಟಳು. ಹೊರಡುವಾಗ ನನ್ನ ಪುಸ್ತಕ ತೆಗೆದು ಗೆರೆಗಳನ್ನು ಬೆರಳಿನಿಂದ ಸವರಿದಳು. ಎಂಬತ್ತೇಳು. “ಅಷ್ಟರೊಳಗೇ ಆಯ್ತು ಅಜ್ಜ. ಕೊನೇವರೆಗೂ ಇದ್ದೆ, ಗೆರೆಯೂ ದಾಟಲಿಲ್ಲ. ನಿಮ್ಮಿಂದ ಆಗಿದ್ದು” ಎಂದು ನನ್ನ ಹಣೆಗೆ ಹಣೆ ಹಚ್ಚಿದಳು.

ನಾನು ಪುಸ್ತಕವನ್ನು ಒಳಗಿಟ್ಟೆ.

ನವೆಂಬರ್ ೨೨

ಇಂದು ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ.

ಬೆಳಗ್ಗೆ ಗುಬ್ಬಿ ಆಡಿಟರನೊಡನೆ ಬಂದಳು, ಸಂಜೆಯೇ ಹೊರಡುವಂತೆ. ಆಡಿಟರು ತೆಳ್ಳನೆಯ ಯುವಕ, ಸೌಮ್ಯವಾದ ಮಾತು. ವಿಮಾನದ ಟಿಕೆಟುಗಳನ್ನು ನನ್ನ ಗೆರೆಗಳ ಪಕ್ಕದಲ್ಲಿ ಹರಡಿ ತೊಂಬತ್ತಾರು ಎಂದು ತೋರಿಸಿದ. ಹೀಗೇಕಾಯಿತೆಂದು ಕೇಳಿದಾಗ ನನ್ನ ಸೂರ್ಯೋದಯದ ಕ್ರಮವನ್ನು ವಿವರಿಸಿದೆ. ಅವನು ನಗಲಿಲ್ಲ. ಗುಬ್ಬಿ ನಕ್ಕಳು, ತಾಯಿ ಸತ್ತ ಮೇಲೆ ಅವಳ ಮುಖದಲ್ಲಿ ಕಂಡ ಮೊದಲ ನಗು.

“ನಮ್ಮ ಅಜ್ಜನ ದೇಶದಲ್ಲಿ ನಾನಿನ್ನೂ ಅತಿಥಿ” ಎಂದಳು.

ಆಡಿಟರು ಒಂದು ಕಾಗದ ತೆಗೆದ. ಕಾನೂನಿಗೂ ಕರುಣೆಯಿದೆಯಂತೆ. ಸಾಯುವವರ ಬಳಿ ಇದ್ದು, ಮನೆಯವರು ಪ್ರಾಮಾಣಿಕವಾಗಿ ತಪ್ಪಿ ಎಣಿಸಿದ್ದರಿಂದ ಹೆಚ್ಚಾದ ದಿನಗಳನ್ನು ಕೈಬಿಡುತ್ತಾರೆ. ಒಂದೇ ನಿಬಂಧನೆ: ತಪ್ಪು ತಿಳಿದ ಮೇಲೆ ಒಂದು ರಾತ್ರಿಯೂ ಇದ್ದಿರಬಾರದು. ಲೆಕ್ಕವಿಟ್ಟವನಿಗೆ ಈ ತಪ್ಪು ಇಂದೇ ಮೊದಲು ತಿಳಿಯಿತೆಂದು ದೇವರ ಸಾಕ್ಷಿಯಾಗಿ ರುಜು ಹಾಕಿದರೆ ಆ ಆರು ದಿನಗಳು ಇಲ್ಲದಂತಾಗುತ್ತವೆ, ತೊಂಬತ್ತೇ ಉಳಿಯುತ್ತದೆ.

ಕಾಗದವನ್ನು ಓದಿದೆ. ಅದರಲ್ಲಿ ಎರಡು ಅಚ್ಚಿನ ತಪ್ಪುಗಳಿದ್ದವು. ಅಂಚಿನಲ್ಲಿ ಗುರುತು ಹಾಕಿ ತಿದ್ದಿದೆ. ಮತ್ತೆ ಓದಿದೆ. ಮೂರನೆಯ ಸಲ ಓದಿದಾಗ ತಿದ್ದಲು ಏನೂ ಉಳಿದಿರಲಿಲ್ಲ, ನನ್ನ ಹೆಸರಿನ ಜಾಗವೊಂದನ್ನು ಬಿಟ್ಟು. ಪೆನ್ನನ್ನು ಮೇಜಿನ ಮೇಲಿಟ್ಟೆ.

“ನನಗೆ ಐದನೇ ತಾರೀಕೇ ಗೊತ್ತಾಯ್ತು” ಎಂದೆ.

ಆಡಿಟರು ಎದ್ದು ನಿಂತ. “ಯಜಮಾನ್ರೇ, ನೀವೀಗ ಹೇಳಿದ್ದು ನನಗೆ ಕೇಳಿಸಲಿಲ್ಲ. ಬೀದಿ ಕೊನೇಲಿ ಒಂದು ಟೀ ಕುಡ್ಕೊಂಡು ಬರ್ತೀನಿ. ಅಷ್ಟರಲ್ಲಿ ನೀವು ಇನ್ನೊಂದು ಸಲ ಯೋಚಿಸಿ.” ಒಳ್ಳೆಯ ಹುಡುಗ. ಬಾಗಿಲನ್ನು ಶಬ್ದವಾಗದಂತೆ ಎಳೆದುಕೊಂಡು ಹೋದ.

ತಾಯಿಯ ಮಂಚ ಇನ್ನೂ ಅಲ್ಲಿಯೇ ಇದೆ. ಗುಬ್ಬಿ ಅದರ ಅಂಚಿನಲ್ಲಿ ಕುಳಿತಳು.

“ಐದನೇ ತಾರೀಕು ಯಾವಾಗ?”

“ಮಧ್ಯಾಹ್ನ. ರಾತ್ರಿ ಹತ್ತಕ್ಕೆ ವಿಮಾನ ಇತ್ತು.”

“ಮತ್ತೆ ಯಾಕೆ ಹೇಳಲಿಲ್ಲ?”

“ಹೊರಟುಬಿಡ್ತೀಯ ಅಂತ.”

ಅವಳು ಮೊಣಕಾಲನ್ನು ಎರಡು ಕೈಗಳಿಂದ ಹಿಡಿದುಕೊಂಡಳು. ನೋವಾದಾಗ ಹಾಗೆ ಹಿಡಿದುಕೊಳ್ಳುತ್ತಾಳೆ. ಬೀದಿಯಲ್ಲಿ ಯಾವುದೋ ಗಾಡಿ ಹಿಂದಕ್ಕೆ ಸರಿಯುವ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು.

“ಹೇಳಿದ್ರೂ ನಾನು ಉಳೀತಿದ್ದೆ ಅಜ್ಜ” ಎಂದಳು. ಆಮೇಲೆ, ತನ್ನ ಮಾತನ್ನು ತಾನೇ ಪರೀಕ್ಷಿಸುವವಳಂತೆ, ನಿಧಾನವಾಗಿ: “ಉಳೀತಿದ್ದೆ ಅಂತ ಅನ್ಸತ್ತೆ. ಅಥವಾ ಹೋಗಿಬಿಡ್ತಿದ್ನೋ ಏನೋ. ಇನ್ನು ಹೇಗೆ ಗೊತ್ತಾಗತ್ತೆ ಹೇಳಿ? ದುಡ್ಡು ಹೋದ್ರೆ ಹೋಗ್ಲಿ. ನಾನೇ ಆರಿಸ್ಕೊಳೋದಿತ್ತಲ್ಲ, ಅದೊಂದನ್ನ ನೀವು ತಗೊಂಡುಬಿಟ್ರಿ.”

ನಾನು ಪೆನ್ನಿಗೆ ಮುಚ್ಚಳ ಹಾಕಿದೆ. 

ಆಡಿಟರು ಮರಳಿ ಬಂದಾಗ ಕಾಗದವನ್ನು ಅವಳೇ ಮಡಚಿ ಚೀಲದೊಳಗಿಟ್ಟಿದ್ದಳು. ತೆರಿಗೆ ಕಟ್ಟಿಬಿಡೋಣ ಎಂದಷ್ಟೇ ಹೇಳಿದಳು. ಇನ್ನು ಅವಸರವಿಲ್ಲ, ಎಷ್ಟು ದಿನ ಬೇಕಾದರೂ ಇಲ್ಲಿರಬಹುದು, ಈ ವರ್ಷ ಅವಳು ಇಲ್ಲಿಯವಳೇ ಎಂದು ಅವನು ನೆನಪಿಸಿದ. ಅವಳು ಗಡಿಯಾರ ನೋಡಿ, ಸಂಜೆಯ ವಿಮಾನಕ್ಕೇ ಹೊರಟಳು.

ಡಿಸೆಂಬರ್ ೧೮

ಪತ್ರಿಕೆಗಳಿಗೆ ಸುದ್ದಿ ಹೇಗೆ ಮುಟ್ಟಿತೋ ಕಾಣೆ. ಅಂದು ತೊಂಬತ್ತು ದಿನದ ಮಗಳೆಂದವರೇ ಇಂದು, ತಾಯಿಗಾಗಿ ಅರ್ಧ ಗಳಿಕೆಯನ್ನು ತೊರೆದ ಮಗಳೆಂದು ಅವಳ ಚಿತ್ರ ಹಾಕಿದ್ದಾರೆ. ಕೂದಲು ಕತ್ತರಿಸುವಾತ ಅದನ್ನು ಕನ್ನಡಿಯ ಪಕ್ಕದಲ್ಲಿ ಅಂಟಿಸಿಕೊಂಡು, ನನ್ನಿಂದ ಹಣ ಬೇಡವೆಂದ. ಕೊಟ್ಟೇ ಬಂದೆ. ಅವಳು ಯಾರಿಗೂ ಏನನ್ನೂ ಹೇಳಿಲ್ಲವಂತೆ.

ದಾದಿ ತನ್ನ ಪಾತ್ರೆಯೊಂದನ್ನು ಒಯ್ಯಲು ಬಂದಿದ್ದಳು. ಉಳ್ಳವರು ಕೊಡಬೇಕು, ಕೊಡುವುದೇ ನ್ಯಾಯವೆಂದು ನಾನು ಹೇಳುತ್ತ ಬಂದದ್ದು ನೆರವೇರಿದೆಯಲ್ಲ, ನಿಮ್ಮ ಆಸ್ಪತ್ರೆಗೆ ಏನಾದರೂ ಬಂತೇ ಎಂದು ಕೇಳಿದೆ.

“ಬಂತಲ್ಲ. ಯಂತ್ರಕ್ಕೆ ಹೊಸ ಟೇಪು ಬಂದಿದೆ” ಎಂದಳು. ನಂತರ ನನ್ನ ಮುಖ ಕಂಡು, ಹೊಳೆಗೆ ಸುರಿದ ಕೊಡದ ನೀರು ಯಾವ ಗದ್ದೆಗೆ ಹೋಯಿತೆಂದು ಯಾರು ಹೇಳಬಲ್ಲರು, ಸುಮ್ಮನಿರಿ ಎಂದು ಮೆತ್ತಗೆ ಹೇಳಿದಳು. ಮೇಜಿನ ಮೇಲಿದ್ದ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ನನ್ನ ಕೈಗಿಟ್ಟು, ತಿನ್ನುವವರೆಗೂ ನಿಂತಿದ್ದಳು.

ಗುಬ್ಬಿ ಕೊಡಬೇಕಿತ್ತು, ಇದನ್ನು ಈಗಲೂ ನಂಬುತ್ತೇನೆ. ಆದರೆ ಅವಳು ಕೊಡಲಿಲ್ಲ, ನಾನು ಕೊಡಿಸಿದೆ. ಅದೂ ನ್ಯಾಯಕ್ಕಾಗಿ ಅಲ್ಲ.

ಜನವರಿ ೧೧

ಹೊಸ ಪುಸ್ತಕಕ್ಕೆ ಅಂಚುಗೆರೆ ಹಾಕಿಟ್ಟು ಹತ್ತು ದಿನವಾಯಿತು. ಯಾರೂ ಕೇಳಿಲ್ಲ, ಗುಬ್ಬಿಯಿಂದ ದೂರವಾಣಿಯೂ ಇಲ್ಲ. ದೂರದ ಊರೊಂದರಲ್ಲಿ ಮೊದಲ ಸುತ್ತಿನಲ್ಲೇ ಸೋತಳೆಂದು ರೇಡಿಯೊ ಹೇಳಿತು. ಈ ವರ್ಷದ ತೊಂಬತ್ತು ದಿನಗಳೂ ಮುರಿಯದೆ ಹಾಗೆಯೇ ಇವೆ.

ಬೆಳಗಿನ ಪ್ರಾರ್ಥನೆ ಇತ್ತೀಚೆಗೆ ತಡವಾಗುತ್ತಿದೆ. ಕಣ್ಣು ಬಿಡುವಾಗ ಬಿಸಿಲು ಕಿಟಕಿಯ ನಾಲ್ಕನೆಯ ಸರಳಿನ ಮೇಲಿರುತ್ತದೆ. ರಾತ್ರಿ ಎಚ್ಚರಗೊಳ್ಳುವುದರಿಂದ ಹೀಗೆ. ಗಡಿಯಾರ ಹನ್ನೆರಡು ಹೊಡೆದಾಗ ಎದ್ದು, ದೀಪ ಹಿಡಿದು ಹೋಗಿ, ಅವಳ ಕೋಣೆಯ ಬಾಗಿಲು ನೂಕಿ ನೋಡುತ್ತೇನೆ. ಹಾಸಿಗೆ ಮಡಚಿದಂತೆಯೇ ಇರುತ್ತದೆ. ಮರಳಿ ಬಂದು ಪುಸ್ತಕದಲ್ಲಿ ತಾರೀಕು ಬರೆದು, ಅದರ ಮುಂದೆ, ತಪ್ಪಿಲ್ಲದಂತೆ, ಬರೆಯುತ್ತೇನೆ: ಇಲ್ಲ.